ಇಂಗ್ಲಿಷ್ ದಾರಿ ಹೇಳುವುದು ಚಿಕ್ಕ ಪದಗಳಲ್ಲಿ

‘ಶಿ ಲಿಂಪ್ಡ್ ಔಟ್.’ ಮೂರೇ ಪದದ ಇಂಗ್ಲಿಷ್ ವಾಕ್ಯ. ಇದನ್ನು ಕನ್ನಡದಲ್ಲಿ ಹೇಳಲು ಹೊರಟರೆ ಎರಡು ಕಡೆ ತಡವರಿಸುತ್ತೇವೆ. ಇಂಗ್ಲಿಷಿನಲ್ಲಿ ಕುಂಟುವುದೇ ಮುಖ್ಯ ಕ್ರಿಯಾಪದ. ನಮ್ಮಲ್ಲಿ ಅದು ‘ಕುಂಟುತ್ತಾ’ ಆಗಿ ಪಕ್ಕಕ್ಕೆ ಸರಿಯುತ್ತದೆ, ಕೊನೆಯ ಜಾಗ ‘ಹೋದಳು’ ಎಂಬ ಮಾತಿಗೆ ಸಿಗುತ್ತದೆ. ಅಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಅವಳು ಹೊರಗೆ ಹೋದಳೋ, ಹೊರಗೆ ಬಂದಳೋ? ಹೇಳುವವರು ಬಾಗಿಲ ಒಳಗಿದ್ದಾರೋ ಹೊರಗಿದ್ದಾರೋ ಗೊತ್ತಾಗದೆ ಕನ್ನಡದಲ್ಲಿ ಈ ವಾಕ್ಯ ಮುಗಿಯುವುದೇ ಇಲ್ಲ. ಇಂಗ್ಲಿಷಿಗೆ ಆ ಚಿಂತೆಯಿಲ್ಲ. ‘ಔಟ್’ ಅಂದರೆ ಸಾಕು, ದಾರಿ ಸಿಕ್ಕಿತು.

ಆ ‘ಔಟ್’ ಎಂಬ ಪುಟ್ಟ ಪದದ ಮೇಲೆ ಕಣ್ಣಿಡಿ. ಇಂಗ್ಲಿಷ್ ಮಾತಾಡುವವರು ದಾರಿಯನ್ನು ಇಡುವುದು ಇಂಥ ಪದಗಳಲ್ಲಿ: ಇನ್, ಔಟ್, ಅಪ್, ಡೌನ್, ಓವರ್, ಥ್ರೂ, ಅಕ್ರಾಸ್, ಅಲಾಂಗ್, ಪಾಸ್ಟ್. ಶಾಲೆಯಲ್ಲಿ ಇವನ್ನು ಪ್ರಿಪೊಸಿಶನ್ ಅಂತ ಕರೆದು ಒಂದೆರಡು ಪುಟದಲ್ಲಿ ಮುಗಿಸಿಬಿಡುತ್ತಾರೆ. ಆದರೆ ಕಾಲಲ್ಲಿ ನಡೆಯುವ ದಾರಿ ಇರಲಿ, ಸಾಲದಿಂದ ಪಾರಾಗುವ ದಾರಿ ಇರಲಿ, ಇಂಗ್ಲಿಷಿನಲ್ಲಿ ಎರಡಕ್ಕೂ ದುಡಿಯುವುದು ಇವೇ.

ಬಾಟಲಿ ಮತ್ತು ಗುಹೆ

ಇದನ್ನು ಅಚ್ಚುಕಟ್ಟಾಗಿ ವಿವರಿಸಿದವರು ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ. 1985ರಲ್ಲಿ ಬಂದ ಅವರ ಉದ್ದನೆಯ ಲೇಖನ ಈ ವಿಷಯದ ಬುನಾದಿ. ಅವರ ಹೆಸರಿನ ಜೊತೆ ಅಂಟಿಕೊಂಡಿರುವ ಒಂದು ಉದಾಹರಣೆ ಇದೆ: ‘ದ ಬಾಟಲ್ ಫ್ಲೋಟೆಡ್ ಇನ್‌ಟು ದ ಕೇವ್.’ ತೇಲುವುದು ಕ್ರಿಯಾಪದದಲ್ಲಿದೆ, ಒಳಗೆ ಹೋಗುವುದು ‘ಇನ್‌ಟು’ನಲ್ಲಿದೆ. ಇದೇ ಘಟನೆಯನ್ನು ಸ್ಪ್ಯಾನಿಷ್ ತಿರುಗಿಸಿ ಹೇಳುತ್ತದೆ. ಬಾಟಲಿ ಗುಹೆಯನ್ನು ಹೊಕ್ಕಿತು, ತೇಲುತ್ತಾ. ಅಲ್ಲಿ ದಾರಿ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ತೇಲುವುದು ಬೇಕಿದ್ದರೆ ಸೇರಿಸಿಕೊಳ್ಳುವ ಮಾತು, ಬಿಟ್ಟರೂ ವಾಕ್ಯ ನಿಲ್ಲುತ್ತದೆ.

ಟಾಲ್ಮಿ ಪ್ರಕಾರ ಭಾಷೆಗಳು ಹೆಚ್ಚುಕಡಿಮೆ ಈ ಎರಡು ಗುಂಪು. ಇಂಗ್ಲಿಷ್, ಜರ್ಮನ್, ರಷ್ಯನ್ ಒಂದು ಕಡೆ. ಸ್ಪ್ಯಾನಿಷ್, ಫ್ರೆಂಚ್, ಟರ್ಕಿಶ್, ಜಪಾನಿ ಇನ್ನೊಂದು ಕಡೆ. ಕನ್ನಡ ಎರಡನೆಯ ಗುಂಪಿಗೆ ಹತ್ತಿರ. ಹತ್ತು, ಇಳಿ, ದಾಟು, ಹೊಗು, ಸೇರು, ಹೊರಡು: ನಮ್ಮ ಈ ಕ್ರಿಯಾಪದಗಳೆಲ್ಲ ದಾರಿಯನ್ನು ಒಳಗೇ ಇಟ್ಟುಕೊಂಡಿವೆ. ಬೆಟ್ಟ ಹತ್ತಿದ ಅಂದರೆ ಸಾಕು, ‘ಮೇಲೆ’ ಎಂದು ಬೇರೆ ಹೇಳಬೇಕಿಲ್ಲ. ಹೊಳೆ ದಾಟಿದ ಅಂದರೆ ಈಜಿ ದಾಟಿದನೋ, ದೋಣಿಯಲ್ಲೋ, ಸೇತುವೆ ಮೇಲೋ ಎಂಬುದು ಕೇಳಿದರೆ ಹೇಳುವ ಸಂಗತಿ.

ಇಂಗ್ಲಿಷಿನಲ್ಲಿ ಅಂಥ ಕ್ರಿಯಾಪದಗಳೇ ಇಲ್ಲವಾ? ಇವೆ. ಎಂಟರ್, ಎಕ್ಸಿಟ್, ಅಸೆಂಡ್, ಡಿಸೆಂಡ್. ಆದರೆ ಇವು ಹೊರಗಿನಿಂದ ಬಂದು ಸೇರಿದವು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯ, ಆಡಳಿತ ಎಲ್ಲ ಬಹುಕಾಲ ಫ್ರೆಂಚಿನಲ್ಲಿ ನಡೆಯಿತು. ಆಗ ಫ್ರೆಂಚಿನಿಂದ, ಆಮೇಲೆ ನೇರವಾಗಿ ಲ್ಯಾಟಿನ್ನಿನಿಂದ ಇಂಥ ಪದಗಳು ಬಂದವು. ಆ ಆಸ್ಥಾನದ ಠೀವಿ ಇವತ್ತಿಗೂ ಅವುಗಳನ್ನು ಬಿಟ್ಟಿಲ್ಲ. ಹಸಿದ ಮಗು ಅಡುಗೆಮನೆಗೆ ‘ಗೋಸ್ ಇನ್’. ಪೊಲೀಸ್ ವರದಿಯಲ್ಲಿ ಮಾತ್ರ ಕಳ್ಳ ‘ಎಂಟರ್ಡ್ ದ ಪ್ರೆಮಿಸಸ್’. ನಮ್ಮ ಶಾಲೆಯ ಇಂಗ್ಲಿಷಿಗೆ ಸ್ವಲ್ಪ ಪುಸ್ತಕದ ವಾಸನೆ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಮಾತೃಭಾಷೆಯ ಅಭ್ಯಾಸದಿಂದ ನಾವು ದಾರಿಯನ್ನು ಕ್ರಿಯಾಪದದಲ್ಲಿ ಹುಡುಕುತ್ತೇವೆ. ಹುಡುಕಿದಾಗ ಕೈಗೆ ಸಿಗುವುದು ಈ ಸೂಟು ಬೂಟಿನ ಪದಗಳೇ.

ದಾರಿಯ ಹೊರೆ ಇಳಿದ ಮೇಲೆ ಇಂಗ್ಲಿಷ್ ಕ್ರಿಯಾಪದಕ್ಕೆ ಕೈ ಖಾಲಿ. ಅದು ಚಲನೆಯ ರೀತಿಯನ್ನು ಹೇಳಲು ಹೊರಡುತ್ತದೆ. ಹಾಗಾಗಿಯೇ ನಡಿಗೆಗೆ ಅಲ್ಲಿ ಅಷ್ಟೊಂದು ಪದ. ಆರಾಮಾಗಿ ನಡೆದರೆ ‘ಸ್ಟ್ರೋಲ್’, ತೂರಾಡಿದರೆ ‘ಸ್ಟ್ಯಾಗರ್’, ದಣಿದು ಕಾಲೆಳೆದರೆ ‘ಟ್ರಡ್ಜ್’, ನೀರಲ್ಲಿ ನಡೆದರೆ ‘ವೇಡ್’, ತುದಿಗಾಲಲ್ಲಿ ‘ಟಿಪ್ಟೋ’, ಯಾರಿಗೂ ಕಾಣದಂತೆ ‘ಸ್ನೀಕ್’. ಹಾಗಂತ ಕನ್ನಡದ ನಡಿಗೆಗೆ ಬಣ್ಣವಿಲ್ಲ ಅಂದುಕೊಳ್ಳಬೇಡಿ. ನಾವು ಆ ಕೆಲಸವನ್ನು ಬೇರೆ ಕಡೆ ಒಪ್ಪಿಸಿದ್ದೇವೆ. ದಡದಡನೆ ಇಳಿದ, ಸರಸರ ಹತ್ತಿದ, ಬಿರಬಿರನೆ ನಡೆದ. ಸದ್ದಿನಲ್ಲೇ ವೇಗ, ಭಾರ ಎರಡೂ ಬಂದುಬಿಡುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಾಟಿ ಸಿಗುವುದು ಕಷ್ಟ.

ಇನ್ನೂ ಒಂದು ಅನುಕೂಲ ಇಂಗ್ಲಿಷಿಗಿದೆ. ಒಂದೇ ಕ್ರಿಯಾಪದದ ಹಿಂದೆ ಎಷ್ಟು ದಾರಿ ಬೇಕಾದರೂ ಪೋಣಿಸಬಹುದು. ‘ದ ಚೈಲ್ಡ್ ಡ್ಯಾಶ್ಡ್ ಔಟ್ ಆಫ್ ದ ಹೌಸ್, ಅಕ್ರಾಸ್ ದ ರೋಡ್, ಥ್ರೂ ದ ಗೇಟ್ ಅಂಡ್ ಇನ್‌ಟು ದ ಪಾರ್ಕ್.’ ಕ್ರಿಯಾಪದ ಒಂದು, ದಾರಿಯ ತುಂಡು ನಾಲ್ಕು. ಕನ್ನಡದಲ್ಲಿ ಮಗು ಮನೆಯಿಂದ ಓಡಿಬಂದು, ರಸ್ತೆ ದಾಟಿ, ಗೇಟು ಹಾದು, ಪಾರ್ಕಿಗೆ ನುಗ್ಗುತ್ತದೆ. ಪ್ರತಿ ತುಂಡಿಗೂ ಒಂದು ಕ್ರಿಯಾಪದ ತೆತ್ತೆವು.

ಡಾನ್ ಸ್ಲೋಬಿನ್ ಮತ್ತು ರೂತ್ ಬರ್ಮನ್ ಎಂಬ ಸಂಶೋಧಕರು ಇದನ್ನು ಕಥೆ ಹೇಳಿಸಿ ಪರೀಕ್ಷೆ ಮಾಡಿದರು. ಮಾತಿಲ್ಲದ ಒಂದು ಚಿತ್ರಪುಸ್ತಕ. ತಪ್ಪಿಸಿಕೊಂಡ ಕಪ್ಪೆಯನ್ನು ಒಬ್ಬ ಹುಡುಗ ಮತ್ತು ಅವನ ನಾಯಿ ಹುಡುಕುವ ಕಥೆ. ಅದನ್ನು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ, ಟರ್ಕಿಶ್ ಮಾತಾಡುವ ಮಕ್ಕಳಿಗೂ ದೊಡ್ಡವರಿಗೂ ಕೊಟ್ಟು ಕಥೆ ಹೇಳಿ ಅಂದರು. 1994ರಲ್ಲಿ ಫಲಿತಾಂಶ ಪುಸ್ತಕವಾಗಿ ಬಂತು. ಹುಡುಗ ಬಂಡೆಯಂಚಿನಿಂದ ಕೊಳಕ್ಕೆ ಬೀಳುವ ಚಿತ್ರ ಬಂದಾಗ ಇಂಗ್ಲಿಷಿನವರು ಎಲ್ಲಿಂದ ಎಲ್ಲಿಗೆ ಎಂಬುದನ್ನು ಒಂದೇ ಉಸಿರಿನಲ್ಲಿ ಪೋಣಿಸುವುದು ಜಾಸ್ತಿ. ಸ್ಪ್ಯಾನಿಷಿನವರು ಬಂಡೆ ಎಲ್ಲಿದೆ, ಕೆಳಗೆ ಏನಿದೆ ಎಂದು ಜಾಗವನ್ನು ವರ್ಣಿಸಿ, ಬೀಳುವ ದಾರಿಯನ್ನು ಕೇಳುವವರ ಊಹೆಗೆ ಬಿಡುವುದು ಜಾಸ್ತಿ. ಇದನ್ನು ಸ್ಲೋಬಿನ್ ‘ಮಾತಾಡುವುದಕ್ಕಾಗಿ ಯೋಚಿಸುವುದು’ ಎಂದು ಕರೆದರು. ಭಾಷೆ ನಮ್ಮ ಕಣ್ಣನ್ನೇ ಬದಲಿಸುತ್ತದೆ ಎಂಬ ದೊಡ್ಡ ವಾದ ಇದಲ್ಲ. ಬಾಯಿ ತೆರೆಯುವ ಹೊತ್ತಿಗೆ ಯಾವ ವಿವರ ಕೈಯಲ್ಲಿರಬೇಕು ಎಂಬುದನ್ನು ಭಾಷೆ ಅಭ್ಯಾಸ ಮಾಡಿಸುತ್ತದೆ, ಅಷ್ಟೇ.

ಚಿಕ್ಕ ಪದಗಳ ಒಳಗಿನ ಚಿತ್ರ

‘ಅಕ್ರಾಸ್ ದ ಫೀಲ್ಡ್’ ಮತ್ತು ‘ಥ್ರೂ ದ ಫೀಲ್ಡ್’ ಎರಡಕ್ಕೂ ನಾವು ‘ಹೊಲದಲ್ಲಿ ಹಾದು’ ಅನ್ನಬಹುದು. ಇಂಗ್ಲಿಷಿನವರಿಗೆ ಇವು ಬೇರೆ ಬೇರೆ ಹೊಲಗಳು. ‘ಅಕ್ರಾಸ್’ ಅಂದರೆ ಹೊಲ ಒಂದು ಸಮತಟ್ಟು ಹಾಸು. ಈ ಬದುವಿನಿಂದ ಆ ಬದುವಿಗೆ ಹೋಗುವುದು. ‘ಥ್ರೂ’ ಅಂದಕೂಡಲೇ ಹೊಲಕ್ಕೆ ಎತ್ತರ ಬರುತ್ತದೆ. ಜೋಳ ಎದೆಮಟ್ಟ ಬೆಳೆದಿದೆ, ನಡೆಯುವವರ ಎರಡೂ ಕಡೆ ದಂಟು ತಾಗುತ್ತಿದೆ. ಕಾಡಿಗೆ, ಸುರಂಗಕ್ಕೆ, ಜನಜಂಗುಳಿಗೆ ‘ಥ್ರೂ’. ಮೈದಾನಕ್ಕೆ, ಹಿಮಕ್ಕೆ, ರಸ್ತೆಗೆ ‘ಅಕ್ರಾಸ್’. ನದಿಯ ದಡ ಹಿಡಿದು ಹೋದರೆ ‘ಅಲಾಂಗ್’. ಒಂದು ಅಂಗಡಿಯನ್ನು ಹಾದು, ಅಲ್ಲಿ ನಿಲ್ಲದೆ ಮುಂದೆ ಹೋದರೆ ‘ಪಾಸ್ಟ್’. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಕಷ್ಟಸುಖದ ಮಾತು ಬಂದಾಗ ಬೇಕಾಗುತ್ತದೆ.

‘ಟು’ ಮತ್ತು ‘ಟುವರ್ಡ್ಸ್’ ನಡುವೆ ಇನ್ನೊಂದು ಗೆರೆ. ‘ವಾಕ್ಡ್ ಟು ದ ಸ್ಟೇಷನ್’ ಅಂದರೆ ಸ್ಟೇಷನ್ ತಲುಪಿದ್ದಾಯಿತು. ‘ಟುವರ್ಡ್ಸ್’ ಅಂದರೆ ಆ ಕಡೆ ಹೊರಟಿದ್ದು ನಿಜ, ಮುಟ್ಟಿದ್ದು ಗೊತ್ತಿಲ್ಲ. ಸರ್ಕಾರದ ಹೇಳಿಕೆಗಳಲ್ಲಿ ‘ವರ್ಕಿಂಗ್ ಟುವರ್ಡ್ಸ್’ ಎಂಬ ಮಾತು ಯಾಕೆ ಅಷ್ಟು ಪ್ರಿಯ ಅಂತ ಈಗ ಗೊತ್ತಾಯಿತಲ್ಲ.

ಇಂಗ್ಲಿಷೂ ಎಲ್ಲ ಕಡೆ ಇಷ್ಟು ಖಚಿತವಲ್ಲ. ‘ದ ಮೌಸ್ ರನ್ಸ್ ಅಂಡರ್ ದ ಟೇಬಲ್’ ಅಂದರೆ ಇಲಿ ಮೇಜಿನ ಕೆಳಗೇ ಓಡಾಡುತ್ತಿರಬಹುದು, ಬೇರೆಲ್ಲಿಂದಲೋ ಓಡಿ ಕೆಳಗೆ ಸೇರಿಕೊಳ್ಳಬಹುದು, ಇಲ್ಲವೇ ಕೆಳಗೆ ಹಾದು ಆಚೆ ಹೋಗಬಹುದು. ಒಂದೇ ‘ಅಂಡರ್’ ಜಾಗವೂ ಹೌದು, ಗುರಿಯೂ ಹೌದು, ದಾರಿಯೂ ಹೌದು.

ಇನ್ನು ‘ಅಪ್’ ಮತ್ತು ‘ಡೌನ್’. ಇವಕ್ಕೆ ಏರು ಇಳಿಜಾರು ಬೇಕೇಬೇಕು ಅಂತಿಲ್ಲ. ‘ಡೌನ್ ದ ರೋಡ್’ ಅಂದರೆ ಸಪಾಟು ರಸ್ತೆಯಲ್ಲೇ ಸ್ವಲ್ಪ ಮುಂದೆ. ಉತ್ತರ ‘ಅಪ್’, ದಕ್ಷಿಣ ‘ಡೌನ್’, ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಕಾಣುವ ಹಾಗೆ. ಬ್ರಿಟನ್ನಿನ ರೈಲ್ವೆಯಲ್ಲಿ ಮಾತ್ರ ನಕ್ಷೆಯ ಲೆಕ್ಕ ನಡೆಯುವುದಿಲ್ಲ. ಲಂಡನ್ನಿನ ಕಡೆ ಹೋಗುವುದು ‘ಅಪ್’, ಅಲ್ಲಿಂದ ದೂರ ಹೋಗುವುದು ‘ಡೌನ್’. ಸ್ಕಾಟ್ಲೆಂಡಿನಿಂದ ದಕ್ಷಿಣಕ್ಕೆ ಇಳಿಯುವ ಗಾಡಿಯೂ ‘ಅಪ್’ ಗಾಡಿಯೇ. ಎತ್ತರ ಇರುವುದು ನೆಲದಲ್ಲಲ್ಲ, ಅಧಿಕಾರದಲ್ಲಿ. ಬ್ರಿಟಿಷರು ಕಟ್ಟಿದ ನಮ್ಮ ರೈಲ್ವೆಯಲ್ಲೂ ಅಪ್ ಲೈನ್, ಡೌನ್ ಲೈನ್ ಉಳಿದುಕೊಂಡಿವೆ. ಅಲ್ಲಿಂದ ನಮ್ಮ ಮಾತಿಗೂ ಇಳಿದು, ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡುವವರು ‘ಅಪ್ ಅಂಡ್ ಡೌನ್ ಮಾಡ್ತೀನಿ’ ಅನ್ನುತ್ತಾರೆ. ಇಂಗ್ಲೆಂಡಿನವರಿಗೆ ಅದು ಲಿಫ್ಟಿನ ವಿಷಯ ಅನ್ನಿಸಬಹುದು.

ನಿಂತ ರಸ್ತೆ ಓಡುವುದು

‘ದ ರೋಡ್ ರನ್ಸ್ ಅಲಾಂಗ್ ದ ಕೋಸ್ಟ್.’ ರಸ್ತೆ ಎಲ್ಲೂ ಹೋಗುತ್ತಿಲ್ಲ, ಬಿದ್ದಲ್ಲೇ ಬಿದ್ದಿದೆ. ಆದರೂ ಇಂಗ್ಲಿಷಿನಲ್ಲಿ ರಸ್ತೆ ಓಡುತ್ತದೆ, ಏರುತ್ತದೆ, ಬಳುಕುತ್ತದೆ, ಕಾಡನ್ನು ಸೀಳುತ್ತದೆ, ಕಡಲತೀರವನ್ನು ತಬ್ಬಿಕೊಳ್ಳುತ್ತದೆ. ಬೇಲಿಯೂ ಓಡುತ್ತದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಗಾಯದ ಕಲೆಯೂ ಓಡುತ್ತದೆ. ಟಾಲ್ಮಿ ಇದಕ್ಕೆ ಇಟ್ಟ ಹೆಸರು ಫಿಕ್ಟಿವ್ ಮೋಷನ್, ಅಂದರೆ ಕಲ್ಪನೆಯ ಚಲನೆ.

ನಮ್ಮಲ್ಲೂ ಇದು ಇದೆ. ‘ಈ ದಾರಿ ಎಲ್ಲಿಗೆ ಹೋಗುತ್ತೆ?’ ಅಂತ ಕೇಳದ ಕನ್ನಡಿಗ ಇಲ್ಲ. ಆದರೆ ನಮ್ಮ ರಸ್ತೆ ಹೋಗುತ್ತದೆಯೇ ಹೊರತು ಓಡುವುದಿಲ್ಲ. ಹೊಲದ ಮೇಲಿನ ಕರೆಂಟ್ ತಂತಿಗೆ ‘ಹಾದುಹೋಗಿದೆ’ ಅನ್ನುತ್ತೇವೆ, ಯಾವತ್ತೋ ಹೋಗಿ ಮುಗಿಸಿ ಈಗ ಸುಮ್ನೆ ನಿಂತಿರುವ ಹಾಗೆ. ಇಂಗ್ಲಿಷ್ ಇಲ್ಲಿ ‘ರನ್ಸ್’ ಎಂಬ ಸದಾಕಾಲದ ರೂಪ ಹಿಡಿಯುತ್ತದೆ. ‘ದ ರೋಡ್ ಈಸ್ ರನ್ನಿಂಗ್’ ಅಂದರೆ ಕಿವಿಗೆ ವಿಚಿತ್ರ. ಆದರೆ ಕಾರಿನಲ್ಲಿ ಕೂತವರು ‘ದ ರೋಡ್ ಈಸ್ ಕ್ಲೈಂಬಿಂಗ್ ನೌ’ ಅಂದರೆ ಸರಿಯೇ. ಆಗ ಏರುತ್ತಿರುವುದು ಕಾರು. ಅದರ ಅನುಭವವನ್ನು ರಸ್ತೆಗೆ ಹೊರಿಸಿದ್ದಾರೆ.

ಯಾವ ಕ್ರಿಯಾಪದ ಬೇಕಾದರೂ ರಸ್ತೆಗೆ ಹೊಂದುವುದಿಲ್ಲ. ರಸ್ತೆ ‘ವೈಂಡ್ಸ್’, ‘ಜಿಗ್‌ಜಾಗ್ಸ್’, ‘ಡ್ರಾಪ್ಸ್’. ಆದರೆ ‘ವಾಕ್ಸ್’ ಇಲ್ಲ, ‘ಲಿಂಪ್ಸ್’ ಇಲ್ಲ. ಕಾರಣವನ್ನು ಜಪಾನಿನ ಭಾಷಾವಿಜ್ಞಾನಿ ಯೋ ಮಾತ್ಸುಮೊತೊ 1996ರಲ್ಲಿ ವಿವರಿಸಿದರು. ಚಲನೆಯ ರೀತಿ ರಸ್ತೆಯ ಆಕಾರವನ್ನು ಹೇಳುವಂತಿದ್ದರೆ ಮಾತ್ರ ಅದಕ್ಕೆ ಪ್ರವೇಶ. ಅಂಕುಡೊಂಕಾಗಿ ಹೋಗುವುದು ಆಕಾರ. ಕುಂಟುವುದು ಆಕಾರ ಅಲ್ಲ. ‘ರನ್’ ಎಂಬ ಪದ ಮಾತ್ರ ಇಲ್ಲಿ ವೇಗವನ್ನು ಕಳೆದುಕೊಂಡು, ಉದ್ದಕ್ಕೆ ಚಾಚಿದೆ ಎಂಬಷ್ಟೇ ಅರ್ಥ ಉಳಿಸಿಕೊಂಡಿದೆ. ಜಪಾನಿ ಭಾಷೆ ಇನ್ನೂ ಬಿಗಿ. ಜನ ಓಡಾಡದ ಬೇಲಿ, ತಂತಿಗಳಿಗೆ ಅಲ್ಲಿ ಇಂಥ ಕ್ರಿಯಾಪದ ಹಚ್ಚುವುದು ಸಲೀಸಲ್ಲ.

ಇದು ಬರೀ ಅಲಂಕಾರವಾ, ಅಥವಾ ಓದುವವರ ತಲೆಯೊಳಗೂ ಏನಾದರೂ ಚಲಿಸುತ್ತದಾ? ಕ್ಯಾಲಿಫೋರ್ನಿಯಾದ ಸಂಶೋಧಕಿ ಟೀನಿ ಮ್ಯಾಟ್ಲಾಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸೊಗಸಾಗಿವೆ. ಮೊದಲು ಒಂದು ಪುಟ್ಟ ಕಥೆ ಓದಿಸುವುದು. ಕೆಲವರ ಕಥೆಯಲ್ಲಿ ಪ್ರಯಾಣಿಕ ಕಣಿವೆಯನ್ನು ಬೇಗ ದಾಟುತ್ತಾನೆ, ಕೆಲವರ ಕಥೆಯಲ್ಲಿ ನಿಧಾನ. ಆಮೇಲೆ ಎಲ್ಲರಿಗೂ ರಸ್ತೆ ಕಣಿವೆಯಲ್ಲಿ ಹಾದುಹೋಗುತ್ತದೆ ಎಂಬಂಥ ವಾಕ್ಯ. ನಿಧಾನದ ಪ್ರಯಾಣ ಓದಿದವರು ಈ ವಾಕ್ಯವನ್ನು ಅರ್ಥಮಾಡಿಕೊಳ್ಳಲೂ ಹೆಚ್ಚು ಹೊತ್ತು ತೆಗೆದುಕೊಂಡರು. ದೂರ ಜಾಸ್ತಿ ಇದ್ದಾಗ, ನೆಲ ಕಲ್ಲುಮುಳ್ಳಾಗಿದ್ದಾಗಲೂ ಹಾಗೇ. ರಸ್ತೆ ಅಲ್ಲಾಡಲಿಲ್ಲ. ಓದುವವರ ಮನಸ್ಸು ಅದರ ಮೇಲೆ ನಡೆದು ಬಂತು.

ಮನಸ್ಸಿನ ಈ ನಡಿಗೆ ಮನೆಯ ವರ್ಣನೆಯಲ್ಲೂ ಕಾಣುತ್ತದೆ. ಭಾಷಾವಿಜ್ಞಾನಿಗಳಾದ ಷಾರ್ಲೆಟ್ ಲಿಂಡಿ ಮತ್ತು ವಿಲಿಯಂ ಲಬೋವ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಯಾರ್ಕಿನ ಜನರಿಗೆ ಅವರ ಅಪಾರ್ಟ್‌ಮೆಂಟಿನ ಒಳಗನ್ನು ವಿವರಿಸಿ ಅಂದರು. ಮೇಲಿಂದ ನೋಡಿದ ನಕ್ಷೆಯ ಹಾಗೆ ಹೇಳಿದವರು ತೀರ ಕಡಿಮೆ. ಹೆಚ್ಚುಕಡಿಮೆ ಎಲ್ಲರೂ ಕೇಳುವವರನ್ನು ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ನೀವು ಒಳಗೆ ಬರುತ್ತೀರಿ, ಎಡಕ್ಕೆ ಅಡುಗೆಮನೆ, ನೇರ ಹೋದರೆ ಹಾಲ್. ಬೀದಿಯಲ್ಲಿ ವಿಳಾಸ ಹೇಳುವಾಗಲೂ ಇಂಗ್ಲಿಷಿನಲ್ಲಿ ನಡೆಯುವುದು ಈ ‘ಯು’. ಬ್ರಿಟನ್ನಿನವರು ಆ ‘ಯು’ವನ್ನು ಪಬ್ಬಿನಿಂದ ಪಬ್ಬಿಗೆ, ರೌಂಡಬೌಟಿನಿಂದ ರೌಂಡಬೌಟಿಗೆ ಒಯ್ಯುತ್ತಾರೆ. ಚೌಕಾಕಾರದ ಬೀದಿಗಳ ಅಮೆರಿಕದ ಊರುಗಳಲ್ಲಿ ‘ಟೂ ಬ್ಲಾಕ್ಸ್ ನಾರ್ತ್’ ಎಂಬ ಲೆಕ್ಕ ಸಲೀಸು. ಕೊನೆಗೆ ಎರಡೂ ಕಡೆಯವರು ‘ಯು ಕಾಂಟ್ ಮಿಸ್ ಇಟ್’ ಅನ್ನುತ್ತಾರೆ. ಅದನ್ನು ಮಾತ್ರ ನಂಬಬೇಡಿ.

ಮೊಣಕೈಯಿಂದ ಮಾಡಿದ ದಾರಿ

ಇಲ್ಲಿಯವರೆಗೆ ದಾರಿ ಮೊದಲೇ ಇತ್ತು. ಇಲ್ಲದ ದಾರಿಯನ್ನು ಮಾಡಿಕೊಳ್ಳಲು ಇಂಗ್ಲಿಷಿನಲ್ಲಿ ಒಂದು ವಿಶೇಷ ಅಚ್ಚು ಇದೆ. ‘ಶಿ ಎಲ್ಬೋಡ್ ಹರ್ ವೇ ಥ್ರೂ ದ ಕ್ರೌಡ್.’ ‘ಎಲ್ಬೋ’ ಅಂದರೆ ಮೊಣಕೈಯಿಂದ ತಿವಿಯುವುದು, ಅದು ಚಲನೆಯೇ ಅಲ್ಲ. ಆದರೂ ‘ಹರ್ ವೇ’ ಸೇರಿದ ಕೂಡಲೇ ಅವಳು ಜನರನ್ನು ತಿವಿದುಕೊಂಡು ಮುಂದೆ ಬಂದುಬಿಟ್ಟಳು. ಈ ಅಚ್ಚಿಗೆ ಏನು ಬೇಕಾದರೂ ಸುರಿಯಬಹುದು. ‘ಹಿ ಟಾಕ್ಡ್ ಹಿಸ್ ವೇ ಔಟ್ ಆಫ್ ಎ ಫೈನ್’ ಅಂದರೆ ಮಾತಲ್ಲೇ ದಂಡ ತಪ್ಪಿಸಿಕೊಂಡ. ‘ಬ್ರೈಬ್ಡ್ ಹಿಸ್ ವೇ ಇನ್’ ಅಂದರೆ ದುಡ್ಡು ಕೊಟ್ಟು ಒಳಗೆ ಸೇರಿಕೊಂಡ.

ರೇ ಜಾಕೆಂಡಾಫ್, ಏಡೆಲ್ ಗೋಲ್ಡ್‌ಬರ್ಗ್ ಎಂಬ ಭಾಷಾವಿಜ್ಞಾನಿಗಳು 1990ರ ದಶಕದಲ್ಲಿ ಈ ಅಚ್ಚನ್ನು ಬಿಡಿಸಿ ನೋಡಿದರು. ಗೋಲ್ಡ್‌ಬರ್ಗ್ ಗಮನಿಸಿದ್ದು ಇದು: ಎದುರಿಗೆ ತಡೆ ಇರಬೇಕು, ಆ ತಡೆಯನ್ನು ದೂಡುತ್ತಾ ಹೋಗುವವರೇ ದಾರಿ ಮಾಡಿಕೊಳ್ಳಬೇಕು. ಹಾಗಾಗಿಯೇ ‘ವಾಕ್ಡ್ ಹರ್ ವೇ ಟು ದ ಶಾಪ್’ ಇಂಗ್ಲಿಷ್ ಕಿವಿಗೆ ಸಪ್ಪೆ. ಅಂಗಡಿಗೆ ಸುಮ್ನೆ ನಡೆದು ಹೋಗುವುದರಲ್ಲಿ ಏನು ತಡೆ? ಕೆಸರಲ್ಲಿ, ಬಿರುಗಾಳಿಯಲ್ಲಿ ಹೋದರೆ ಬೇರೆ ಮಾತು. ಕನ್ನಡದಲ್ಲಿ ಇದೇ ಕೆಲಸ ‘ಕೊಂಡು’ ಮಾಡುತ್ತದೆ ನೋಡಿ. ತಿವಿದುಕೊಂಡು, ತೂರಿಕೊಂಡು, ತಪ್ಪಿಸಿಕೊಂಡು. ತನಗಾಗಿ ತಾನೇ ಮಾಡಿಕೊಂಡದ್ದು ಎಂಬ ದನಿ ಅದರಲ್ಲೇ ಇದೆ.

ಚಿಕ್ಕ ಪದದ ತಾಕತ್ತಿಗೆ ಗೋಲ್ಡ್‌ಬರ್ಗ್ ಕೊಡುವ ಇನ್ನೊಂದು ಉದಾಹರಣೆ ತಮಾಷೆಯದ್ದು. ಸೀನಿ ನ್ಯಾಪ್ಕಿನ್ನನ್ನು ಮೇಜಿನಿಂದ ಹಾರಿಸಿದ ಅನ್ನುವುದಕ್ಕೆ ‘ಸ್ನೀಜ್ಡ್ ದ ನ್ಯಾಪ್ಕಿನ್ ಆಫ್ ದ ಟೇಬಲ್’. ಸೀನುವುದಕ್ಕೆ ಕರ್ಮಪದ, ಅಂದರೆ ಆಬ್ಜೆಕ್ಟ್, ಎಲ್ಲಿಂದ ಬರಬೇಕು? ‘ಆಫ್’ ಎಂಬ ದಾರಿ ಬಂದು ಅದಕ್ಕೆ ತಳ್ಳುವ ಶಕ್ತಿ ಕೊಟ್ಟಿತು. ಇಲ್ಲಿಂದ ಒಂದು ಹೆಜ್ಜೆ ಇಟ್ಟರೆ ‘ಟಾಕ್ಡ್ ಹಿಮ್ ಇನ್‌ಟು ಬೈಯಿಂಗ್ ಎ ಕಾರ್’. ಮಾತಾಡಿ ಮಾತಾಡಿ ಒಬ್ಬನನ್ನು ಕಾರು ಕೊಳ್ಳುವ ನಿರ್ಧಾರದ ಒಳಕ್ಕೆ ನೂಕಿದ್ದು. ‘ಔಟ್ ಆಫ್’ ಅಂದರೆ ಆ ನಿರ್ಧಾರದಿಂದ ಆಚೆ ಎಳೆದದ್ದು. ಈಗ ನೆಲವೂ ಇಲ್ಲ, ಕಾಲೂ ಇಲ್ಲ, ದಾರಿ ಮಾತ್ರ ಉಳಿದಿದೆ.

ಕ್ರಿಯಾಪದಕ್ಕೆ ಚಿಕ್ಕ ಪದ ಅಂಟಿದ ಜೋಡಿಗಳನ್ನು ಫ್ರೇಸಲ್ ವರ್ಬ್ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಎಷ್ಟೋ ಪದಗಳ ಹಿಂದೆ ಈ ಚಿತ್ರವೇ ಇದೆ. ‘ಗೆಟ್ ಥ್ರೂ’, ‘ಗೆಟ್ ಓವರ್’, ‘ಗೆಟ್ ಅರೌಂಡ್’ ಮೂರನ್ನೂ ಪಕ್ಕಪಕ್ಕ ಇಡಿ. ‘ಗೆಟ್’ ಏನೂ ಹೇಳುತ್ತಿಲ್ಲ. ‘ಥ್ರೂ’ನಲ್ಲಿ ಕಷ್ಟ ಆ ಜೋಳದ ಹೊಲದಂತೆ ಸುತ್ತಲೂ ಮುತ್ತಿಕೊಂಡಿದೆ, ಒಳಹೊಕ್ಕೇ ಆಚೆ ಬರಬೇಕು. ಆದ್ದರಿಂದ ಮನೆಯಲ್ಲಿ ಸಾವಾದವರು, ಡೈವೋರ್ಸ್ ಆಗುತ್ತಿರುವವರು ‘ಗೋಯಿಂಗ್ ಥ್ರೂ’. ‘ಓವರ್’ನಲ್ಲಿ ಅದು ಅಡ್ಡ ಬಂದ ದಿಬ್ಬ. ಹತ್ತಿ ಇಳಿದರೆ ಹಿಂದೆ ಉಳಿಯುತ್ತದೆ. ದುಃಖದಲ್ಲಿರುವವರಿಗೆ ‘ಗೆಟ್ ಓವರ್ ಇಟ್’ ಅಂದರೆ ಒರಟಾಗಿ ಕೇಳುವುದು ಇದಕ್ಕೇ. ಅವರನ್ನು ಮುತ್ತಿಕೊಂಡದ್ದನ್ನು ನೀವು ಒಂದು ದಿಬ್ಬ ಅಂದುಬಿಟ್ಟಿರಿ. ‘ಅರೌಂಡ್’ ಅಂದರೆ ಬಳಸಿಕೊಂಡು ಹೋಗುವುದು. ಇದು ಹೆಚ್ಚಾಗಿ ಕಾನೂನು ಮತ್ತು ನಿಯಮಗಳಿಗೆ ಮೀಸಲು.

ಎಲ್ಲವೂ ಹೀಗೆ ಬಿಡಿಸಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ‘ಗಿವ್ ಅಪ್’, ‘ಪುಟ್ ಅಪ್ ವಿತ್’ ಇವುಗಳ ದಾರಿ ಸವೆದು ಕಾಣದಾಗಿದೆ. ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿ ‘ಅಪ್’ ಅಂದರೆ ಮೇಲೆ ಅಲ್ಲ, ಪೂರ್ತಿ ಮುಗಿಸುವುದು. ನಾವು ‘ತಿಂದುಬಿಟ್ಟ’ ಅಂದಾಗ ‘ಬಿಡು’ ಮಾಡುವ ಕೆಲಸ. ಅಂಥವನ್ನು ಬಾಯಿಪಾಠವೇ ಮಾಡಬೇಕು.

ಪ್ರಯಾಣಿಕರು ಮತ್ತು ಚಕ್ರಗಳು

ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ಬರೆದ ಪುಸ್ತಕದಿಂದ ಒಂದು ಮಾತು ಪ್ರಸಿದ್ಧವಾಯಿತು: ಇಂಗ್ಲಿಷಿನಲ್ಲಿ ಪ್ರೀತಿ ಒಂದು ಪ್ರಯಾಣ. ಸಂಬಂಧ ‘ಕ್ರಾಸ್‌ರೋಡ್ಸ್’ಗೆ ಬರುತ್ತದೆ, ‘ಡೆಡ್ ಎಂಡ್’ ಮುಟ್ಟುತ್ತದೆ, ‘ಗೋಯಿಂಗ್ ನೋವೇರ್’ ಆಗುತ್ತದೆ. ಗಾಡಿಯೂ ಬದಲಾಗುತ್ತಿರುತ್ತದೆ. ‘ಸ್ಪಿನ್ನಿಂಗ್ ಅವರ್ ವೀಲ್ಸ್’ ಅಂದರೆ ಕೆಸರಲ್ಲಿ ಚಕ್ರ ಸುಮ್ನೆ ಸುತ್ತುತ್ತಿರುವ ಕಾರು. ‘ಆಫ್ ದ ಟ್ರ್ಯಾಕ್’ ಅಂದರೆ ಹಳಿ ತಪ್ಪಿದ ರೈಲು. ‘ಆನ್ ದ ರಾಕ್ಸ್’ ಎಂಬುದರಲ್ಲಿ ಬಂಡೆಗೆ ಬಡಿದ ಹಡಗು ಇದೆ. ವಿಸ್ಕಿ ಗ್ಲಾಸಿನ ಐಸಿಗೂ ಅದಕ್ಕೂ ಸಂಬಂಧವಿಲ್ಲ. ಸುತ್ತ ಸಮುದ್ರ ಇರುವ ನಾಡು, 1830ರಲ್ಲೇ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲು ಬಿಟ್ಟ ನಾಡು. ಅಲ್ಲಿನ ಮಾತಿನಲ್ಲಿ ಹಡಗು, ಹಳಿ ತುಂಬಿರುವುದು ಆಶ್ಚರ್ಯವಲ್ಲ.

ಕನ್ನಡದಲ್ಲೂ ಸಂಸಾರ ಸಾಗುತ್ತದೆ. ಆದರೆ ನಮ್ಮಲ್ಲಿ ಗಂಡ ಹೆಂಡತಿ ಬಂಡಿಯ ಎರಡು ಚಕ್ರ. ಇಂಗ್ಲಿಷಿನಲ್ಲಿ ಇಬ್ಬರೂ ಪ್ರಯಾಣಿಕರು. ಪ್ರಯಾಣಿಕರು ಮುಂದಿನ ಸ್ಟಾಪಿನಲ್ಲಿ ಇಳಿಯಬಹುದು. ಚಕ್ರಕ್ಕೆ ಆ ಸ್ವಾತಂತ್ರ್ಯ ಇಲ್ಲ.

ದಾರಿಯ ಹೆಸರುಗಳಿಗೂ ಒಂದೊಂದು ಗುಣವಿದೆ. ‘ಪಾತ್’ ಕಾಲುದಾರಿ, ಒಬ್ಬೊಬ್ಬರು ಆರಿಸಿಕೊಂಡದ್ದು. ಅದಕ್ಕೇ ‘ಕೆರಿಯರ್ ಪಾತ್’. ‘ರೋಡ್’ ಉದ್ದ, ತಾಳ್ಮೆ ಬೇಡುತ್ತದೆ. ಕಾಯಿಲೆಯಿಂದ ಎದ್ದವರು ‘ರೋಡ್ ಟು ರಿಕವರಿ’ಯಲ್ಲಿ ಇರುತ್ತಾರೆ. ‘ಲೇನ್’ ಪಕ್ಕದವರ ಗೆರೆ ದಾಟಬಾರದ್ದು, ಆದ್ದರಿಂದ ಅಧಿಕಪ್ರಸಂಗಿಗೆ ‘ಸ್ಟೇ ಇನ್ ಯುವರ್ ಲೇನ್’.

ಈ ರೂಪಕಗಳಿಂದ ನಿಜವಾದ ಪರಿಣಾಮವೂ ಆಗುತ್ತದೆ. ಕ್ಯಾನ್ಸರನ್ನು ಇಂಗ್ಲಿಷಿನಲ್ಲಿ ಬಹುಕಾಲ ಯುದ್ಧ ಅಂತ ಕರೆದರು. ಸತ್ತವರು ಸೋತವರು ಎಂಬ ಅರ್ಥ ಬರುತ್ತದೆ ಎಂದು ಎಷ್ಟೋ ಜನರಿಗೆ ಅದು ಹಿಡಿಸಲಿಲ್ಲ. ಬದಲಿಗೆ ‘ಜರ್ನಿ’ ಬಂತು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಎಲೆನಾ ಸೆಮಿನೊ ಮತ್ತು ಅವರ ತಂಡ ರೋಗಿಗಳ, ಆರೈಕೆ ಮಾಡುವವರ, ವೈದ್ಯಕೀಯ ಸಿಬ್ಬಂದಿಯ ಮಾತುಗಳನ್ನು ದೊಡ್ಡ ಪ್ರಮಾಣದಲ್ಲಿ ಕಲೆಹಾಕಿ ನೋಡಿದರು. ಪ್ರಯಾಣವೂ ಎಲ್ಲರಿಗೂ ಹಿತವಲ್ಲ. ಜೊತೆಗಾರರು ಸಿಕ್ಕರು, ಮುಂದೆ ಸಾಗುತ್ತಿದ್ದೇನೆ ಎಂದು ಕೆಲವರಿಗೆ ಧೈರ್ಯ ಬಂದರೆ, ತಾನು ಕೇಳದ, ನಕ್ಷೆಯಿಲ್ಲದ ದಾರಿಗೆ ತಳ್ಳಿದ್ದಾರೆ ಎಂದು ಕೆಲವರಿಗೆ ಸಿಟ್ಟು. ಯುದ್ಧದ ಮಾತಿನಿಂದಲೇ ಹುರುಪು ಪಡೆದವರೂ ಇದ್ದರು. ಕೊನೆಗೆ ತಂಡ ಒಂದೇ ರೂಪಕವನ್ನು ಶಿಫಾರಸು ಮಾಡಲಿಲ್ಲ. ಹಲವು ರೂಪಕಗಳ ಒಂದು ಮೆನು ತಯಾರಿಸಿ, ಬೇಕಾದ್ದನ್ನು ಆರಿಸಿಕೊಳ್ಳಿ ಅಂದರು. ನನಗೆ ಇದು ಬುದ್ಧಿವಂತಿಕೆಯ ನಡೆ ಅನ್ನಿಸಿತು.

ಬುಧವಾರದ ಮೀಟಿಂಗು

ಕಾಲವನ್ನು ದಾರಿ ಮಾಡಿದಾಗ ಇಂಗ್ಲಿಷ್ ತಾನೇ ಎಡವುತ್ತದೆ. ಯಾಕೆಂದರೆ ಯಾರು ಚಲಿಸುತ್ತಿದ್ದಾರೆ ಎಂಬುದಕ್ಕೆ ಅಲ್ಲಿ ಎರಡು ಉತ್ತರ. ‘ವಿ ಆರ್ ಅಪ್ರೋಚಿಂಗ್ ಕ್ರಿಸ್ಮಸ್’ ಅಂದರೆ ಹಬ್ಬ ನಿಂತಿದೆ, ನಾವು ಅದರ ಕಡೆ ನಡೆಯುತ್ತಿದ್ದೇವೆ. ‘ಕ್ರಿಸ್ಮಸ್ ಈಸ್ ಅಪ್ರೋಚಿಂಗ್’ ಅಂದರೆ ನಾವು ನಿಂತಿದ್ದೇವೆ, ಹಬ್ಬ ಬರುತ್ತಿದೆ. ಎರಡೂ ಸರಿ. ತಕರಾರು ಶುರುವಾಗುವುದು ‘ಫಾರ್ವರ್ಡ್’ ಎಂಬ ಪದ ಬಂದಾಗ.

ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ. ಮೀಟಿಂಗ್ ಈಗ ಯಾವತ್ತು? ನಾನು ನಡೆಯುತ್ತಿದ್ದೇನೆ ಅಂದುಕೊಂಡವರಿಗೆ ಮುಂದೆ ಅಂದರೆ ಶುಕ್ರವಾರ. ಕಾಲವೇ ನನ್ನ ಕಡೆ ಬರುತ್ತಿದೆ ಅಂದುಕೊಂಡವರಿಗೆ ಸೋಮವಾರ. ಇಂಗ್ಲಿಷ್ ಮಾತೃಭಾಷೆಯವರನ್ನು ಕೇಳಿದಾಗ ಉತ್ತರ ಎರಡು ಪಾಲಾಗಿ ಒಡೆಯುತ್ತದೆ. ಮನೋವಿಜ್ಞಾನದ ಸಂಶೋಧಕರಾದ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್ಸ್ಕಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಈ ಪ್ರಶ್ನೆಯನ್ನು ಊಟದ ಕ್ಯೂನಲ್ಲಿ, ವಿಮಾನ ನಿಲ್ದಾಣದಲ್ಲಿ, ರೈಲಿನಲ್ಲಿ ಕೇಳಿದರು. ಕ್ಯೂನಲ್ಲಿ ಹೆಚ್ಚು ಮುಂದೆ ಸರಿದು ಬಂದವರು, ಆಗಷ್ಟೇ ವಿಮಾನ ಇಳಿದವರು ಶುಕ್ರವಾರ ಅನ್ನುವುದು ಜಾಸ್ತಿ. ತಾವು ಚಲಿಸಿದ ಅನುಭವ ಹಸಿಯಾಗಿರುವಾಗ ಕಾಲದಲ್ಲೂ ತಾವೇ ಚಲಿಸುತ್ತಿರುವ ಹಾಗೆ ಅನ್ನಿಸುತ್ತದೆ.

ಬ್ರಿಟನ್ನಿನ ಕಚೇರಿಗಳಲ್ಲಿ ಬೇಗ ಮಾಡುವುದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಅನ್ನುತ್ತಾರೆ, ತಡ ಮಾಡುವುದಕ್ಕೆ ‘ಪುಟ್ ಬ್ಯಾಕ್’. ಅಮೆರಿಕದಲ್ಲಿ ಬೇಗ ಮಾಡಿದರೆ ‘ಮೂವ್ ಅಪ್’. ನಮ್ಮವರು ಈ ಹಿಂದೆ ಮುಂದೆ ಗೋಜಿಗೇ ಹೋಗಲಿಲ್ಲ. ‘ಪೋಸ್ಟ್‌ಪೋನ್’ಗೆ ಎದುರಾಗಿ ‘ಪ್ರಿಪೋನ್’ ಅಂತ ಮಾಡಿಕೊಂಡರು. ಇದು ತಪ್ಪು ಇಂಗ್ಲಿಷ್ ಅಂತ ಮೂಗು ಮುರಿಯುವವರು ನಮ್ಮಲ್ಲೇ ಇದ್ದಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅದಕ್ಕಿಂತ ಮುಖ್ಯವಾಗಿ, ಪ್ರಿಪೋನ್ ಆದ ಬುಧವಾರದ ಮೀಟಿಂಗಿಗೆ ಶುಕ್ರವಾರ ಯಾರೂ ಬರುವುದಿಲ್ಲ.